ಯಂತ್ರದ ಮಾತು ಮತ್ತು ಮನುಷ್ಯನ ಹೊಣೆ

ಕೃತಕ ಬುದ್ಧಿಮತ್ತೆ ಎಂಬ ಮಾತು ಕೆಲವೇ ವರ್ಷಗಳಲ್ಲಿ ಪ್ರಯೋಗಶಾಲೆಯನ್ನು ಬಿಟ್ಟು ಮನೆಯ ಜಗಲಿಗೆ ಬಂದಿದೆ. ಕೈಯಲ್ಲಿ ಹಿಡಿದ ಫೋನು ಒಡೆಯನ ಮುಖವನ್ನು ಗುರುತಿಸಿ ತೆರೆದುಕೊಳ್ಳುತ್ತದೆ. ಬ್ಯಾಂಕಿನ ಗಣಕಯಂತ್ರವು ಖಾತೆದಾರನ ಎಂದಿನ ರೀತಿಗೆ ಹೊಂದದ ವ್ಯವಹಾರವೊಂದನ್ನು ಕಂಡು ತಡೆಹಿಡಿಯುತ್ತದೆ. ಮೊಮ್ಮಗಳು ಶಾಲೆಯ ಪ್ರಬಂಧವನ್ನು ಯಂತ್ರದಿಂದ ಬರೆಯಿಸಿಕೊಳ್ಳುತ್ತಾಳೆ. ಅಜ್ಜನವರು ವೈದ್ಯರು ಬರೆದ ಚೀಟಿಯ ಅರ್ಥವನ್ನು ಅದೇ ಯಂತ್ರದಲ್ಲಿ ವಿಚಾರಿಸುತ್ತಾರೆ. ಇದನ್ನು ಕಂಡು ಬೆರಗಾಗುವವರುಂಟು, ಭಯಪಡುವವರುಂಟು. ಬೆರಗು ಭಯಗಳೆರಡಕ್ಕೂ ಒಂದೇ ಮೂಲವಿದೆ: ಯಂತ್ರದ ಒಳಗೆ ನಡೆಯುವುದೇನು ಎಂಬುದು ತಿಳಿಯದಿರುವುದು. ಈ ವಿದ್ಯೆಯ ಎಪ್ಪತ್ತು ವರ್ಷಗಳ ಇತಿಹಾಸದಲ್ಲಿ ದೊಡ್ಡ ದೊಡ್ಡ ವಿಜಯಗಳ ಕಥೆಗಳು ಅನೇಕವಿದ್ದರೂ, ತಜ್ಞರಲ್ಲದವರಿಗೆ ವಿಷಯವನ್ನು ಹೆಚ್ಚು ಸ್ಪಷ್ಟಪಡಿಸುವುದು ಒಂದು ಚಿಕ್ಕ ಪ್ರಸಂಗ. ಅದರ ಕೇಂದ್ರದಲ್ಲಿರುವವರು, ತಾವೇ ರಚಿಸಿದ ಯಂತ್ರಸಂವಾದಿಯನ್ನು ಕಂಡು ಕಳವಳಗೊಂಡ ಒಬ್ಬ ವಿಜ್ಞಾನಿ.

ಯಂತ್ರವು ಆಲೋಚಿಸಬಲ್ಲುದೆ ಎಂಬ ಪ್ರಶ್ನೆಯನ್ನು 1950ರಲ್ಲಿ ಆಂಗ್ಲ ಗಣಿತಜ್ಞ ಅಲನ್ ಟ್ಯೂರಿಂಗ್‌ರು ಒಂದು ತತ್ತ್ವಶಾಸ್ತ್ರದ ಪತ್ರಿಕೆಯಲ್ಲಿ ಎತ್ತಿದರು. ಆಲೋಚನೆಯೆಂದರೇನೆಂದು ವಾದಿಸುತ್ತ ಕೂಡುವುದಕ್ಕಿಂತ, ಮರೆಯಲ್ಲಿ ಕುಳಿತು ಉತ್ತರಿಸುತ್ತಿರುವುದು ಮನುಷ್ಯನೋ ಯಂತ್ರವೋ ಎಂದು ಪ್ರಶ್ನೆ ಕೇಳುವವನಿಗೆ ಗುರುತಿಸಲಾಗುವುದೇ ಎಂದು ಪರೀಕ್ಷಿಸುವುದು ಮೇಲೆಂಬುದು ಅವರ ಸಲಹೆ. 1956ರ ಬೇಸಗೆಯಲ್ಲಿ ಅಮೆರಿಕೆಯ ಡಾರ್ಟ್‌ಮತ್ ಕಾಲೇಜಿನಲ್ಲಿ ಜಾನ್ ಮೆಕಾರ್ಥಿ, ಮಾರ್ವಿನ್ ಮಿನ್ಸ್ಕಿ ಮೊದಲಾದವರು ಒಟ್ಟುಗೂಡಿದರು. ಈ ವಿದ್ಯೆಯ ಆಂಗ್ಲ ನಾಮಕರಣವಾದದ್ದು ಆ ಕೂಟಕ್ಕಾಗಿ ಹಿಂದಿನ ವರ್ಷ ಬರೆದ ಮನವಿಯಲ್ಲಿ. ಆಗಿನವರ ಉತ್ಸಾಹಕ್ಕೆ ಮೇರೆಯಿರಲಿಲ್ಲ. ಹತ್ತು ವರ್ಷಗಳೊಳಗೆ ಯಂತ್ರವೇ ಚದುರಂಗದಲ್ಲಿ ವಿಶ್ವವಿಜೇತನಾಗುವುದೆಂದು 1958ರಲ್ಲಿ ಹರ್ಬರ್ಟ್ ಸೈಮನ್, ಅಲೆನ್ ನ್ಯೂವೆಲ್ ಬರೆದರು. ಆಗಿನ ವಿಶ್ವವಿಜೇತ ಕಾಸ್ಪರೋವ್‌ನನ್ನು ಯಂತ್ರವು ಪಂದ್ಯದಲ್ಲಿ ಸೋಲಿಸಿದ್ದು 1997ರಲ್ಲಿ. ಭವಿಷ್ಯ ನುಡಿಯುವುದರಲ್ಲಿ ಈ ಶಾಸ್ತ್ರದ ಪಂಡಿತರು ಎಂದೂ ಜಿಪುಣರಾಗಿರಲಿಲ್ಲ.

ಜೋಸೆಫ್ ವೈಜೆನ್‌ಬೌಮ್‌ರು ಈ ಉತ್ಸಾಹಿಗಳ ನಡುವೆಯೇ ಇದ್ದವರು. 1923ರಲ್ಲಿ ಬರ್ಲಿನ್ ನಗರದ ಯಹೂದಿ ಕುಟುಂಬವೊಂದರಲ್ಲಿ ಹುಟ್ಟಿ, ನಾಜಿಗಳ ಆಳ್ವಿಕೆಯಲ್ಲಿ, 1936ರಲ್ಲಿ ಹೆತ್ತವರೊಡನೆ ಅಮೆರಿಕೆಗೆ ವಲಸೆ ಹೋದರು. ಗಣಿತವನ್ನು ಓದಿ, 1950ರ ದಶಕದಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ಕೆಲಸಕ್ಕೆ ಸೇರಿ, ಬ್ಯಾಂಕಿನ ಚೆಕ್ಕುಗಳ ಲೆಕ್ಕವನ್ನು ನೋಡಿಕೊಳ್ಳುವ ಗಣಕವ್ಯವಸ್ಥೆಯೊಂದನ್ನು ಕಟ್ಟುವುದರಲ್ಲಿ ಪಾಲ್ಗೊಂಡರು. ನಮ್ಮ ದೇಶದ ಚೆಕ್ಕಿನ ಕೆಳಅಂಚಿನಲ್ಲಿ ವಿಚಿತ್ರ ಆಕಾರದ ಅಂಕಿಗಳಿರುವುದನ್ನು ಎಲ್ಲರೂ ಕಂಡಿರುತ್ತಾರೆ. ಅಯಸ್ಕಾಂತದ ಗುಣವುಳ್ಳ ಶಾಯಿಯಿಂದ ಮುದ್ರಿತವಾಗಿ ಯಂತ್ರಕ್ಕೆ ಓದಲು ಸುಲಭವಾಗಿರುವ ಆ ಅಂಕಿಗಳ ಪದ್ಧತಿ ದೊಡ್ಡ ಪ್ರಮಾಣದಲ್ಲಿ ಬಳಕೆಗೆ ಬಂದದ್ದು ಅಂತಹ ವ್ಯವಸ್ಥೆಯಿಂದಲೇ. 1963ರಲ್ಲಿ ವೈಜೆನ್‌ಬೌಮ್‌ರು ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯನ್ನು ಸೇರಿದರು.

ಅಲ್ಲಿ ಅವರು ರಚಿಸಿ 1966ರ ಜನವರಿಯಲ್ಲಿ ಪ್ರಕಟಿಸಿದ ಕ್ರಮವಿಧಿಗೆ ಎಲೈಝಾ ಎಂದು ಹೆಸರು. ಬರ್ನಾರ್ಡ್ ಷಾ ಅವರ 'ಪಿಗ್ಮೇಲಿಯನ್' ನಾಟಕದಲ್ಲಿ ಗುರುವಿನಿಂದ ಮೇಲ್ವರ್ಗದವರಂತೆ ಮಾತಾಡುವುದನ್ನು ಕಲಿಯುವ ಹೂವಾಡಗಿತ್ತಿಯ ಹೆಸರದು. ಕೀಲಿಮಣೆಯ ಮೇಲೆ ಮನುಷ್ಯನು ಒಂದು ವಾಕ್ಯವನ್ನು ಒತ್ತಿದರೆ ಯಂತ್ರವು ಇನ್ನೊಂದು ವಾಕ್ಯದಿಂದ ಉತ್ತರಿಸುತ್ತಿತ್ತು. ಅದರ ಗುಟ್ಟು ಅತಿ ಸರಳವಾದದ್ದು. ಬಂದ ವಾಕ್ಯದಲ್ಲಿ ಕೆಲವು ಮುಖ್ಯ ಪದಗಳನ್ನು ಅದು ಹುಡುಕುತ್ತದೆ. ಸಿಕ್ಕಿದ ಪದಕ್ಕೆ ಮೊದಲೇ ಗೊತ್ತುಮಾಡಿದ ಅಚ್ಚಿನಲ್ಲಿ ವಾಕ್ಯವನ್ನು ಎರಕ ಹೊಯ್ದು ಹಿಂದಿರುಗಿಸುತ್ತದೆ. 'ನನ್ನ' ಎಂದಿದ್ದುದು 'ನಿಮ್ಮ' ಎಂದಾಗುತ್ತದೆ. ನನ್ನ ಅಣ್ಣ ನನ್ನೊಡನೆ ಮಾತನಾಡುವುದಿಲ್ಲ ಎಂದು ಒಬ್ಬನು ಬರೆದನೆನ್ನೋಣ. ಅಣ್ಣ ಎಂಬ ಪದವು ಬಂಧುಗಳ ಪಟ್ಟಿಯಲ್ಲಿದ್ದರೆ, ನಿಮ್ಮ ಮನೆಯವರ ವಿಷಯ ಇನ್ನಷ್ಟು ಹೇಳಿ ಎಂಬ ಉತ್ತರ ಬರುತ್ತದೆ. ಯಾವ ಮುಖ್ಯ ಪದವೂ ದೊರೆಯದಿದ್ದರೆ, ಹಿಂದೆ ಕೂಡಿಟ್ಟ ಮಾತೊಂದನ್ನು ಹೊರತೆಗೆದು ಅದಕ್ಕೂ ಇದಕ್ಕೂ ಸಂಬಂಧವಿದೆಯೇ ಎಂದು ಕೇಳುತ್ತದೆ. ಅದೂ ಇಲ್ಲದಿದ್ದರೆ, ಮುಂದುವರಿಸಿ ಎನ್ನುತ್ತದೆ. ಅಣ್ಣನೆಂದರೆ ಯಾರು, ಮಾತು ಬಿಟ್ಟರೆ ನೋವೇಕೆ ಎಂಬುದರ ಅರಿವು ಅದಕ್ಕೆ ಎಳ್ಳಷ್ಟೂ ಇಲ್ಲ. ರೋಗಿಯ ಮಾತನ್ನೇ ಮೃದುವಾಗಿ ಹಿಂದಿರುಗಿಸುತ್ತ ಅವನಿಂದಲೇ ಮಾತಾಡಿಸುವ ಒಂದು ಪಂಥದ ಮನೋಚಿಕಿತ್ಸಕರ ವೇಷವನ್ನು ವೈಜೆನ್‌ಬೌಮ್‌ರು ಅದಕ್ಕೆ ತೊಡಿಸಿದ್ದೂ ಈ ಕಾರಣದಿಂದಲೇ. ಅಂತಹ ಚಿಕಿತ್ಸಕನು ಲೋಕದ ವಿಷಯ ಏನನ್ನೂ ತಿಳಿಯದವನಂತೆ ನಟಿಸಿದರೂ ಯಾರಿಗೂ ಅನುಮಾನ ಬಾರದು.

ಇಷ್ಟನ್ನು ಅವರು ಲೇಖನದಲ್ಲಿ ಬಿಡಿಸಿ ಬರೆದಿದ್ದರು. ಗುಟ್ಟು ಬಯಲಾದೊಡನೆ ಇಂದ್ರಜಾಲದ ಮೋಹ ಕರಗುವುದೆಂದು ಅವರ ಎಣಿಕೆ. ಆದದ್ದು ಬೇರೆ. ಅನೇಕ ತಿಂಗಳುಗಳಿಂದ ಅವರು ಆ ಕ್ರಮವಿಧಿಯನ್ನು ರಚಿಸುತ್ತಿದ್ದುದನ್ನು ಕಣ್ಣಾರೆ ಕಂಡಿದ್ದ ಅವರ ಕಾರ್ಯದರ್ಶಿನಿಯೇ ಒಂದು ದಿನ ಯಂತ್ರದ ಮುಂದೆ ಕುಳಿತು ಕೆಲವು ಮಾತುಗಳನ್ನಾಡಿದ ಮೇಲೆ, ತಾವು ದಯಮಾಡಿ ಕೋಣೆಯ ಹೊರಗೆ ಹೋಗಬೇಕೆಂದು ಅವರನ್ನು ಕೇಳಿಕೊಂಡರು. ರಾತ್ರಿಯಲ್ಲಿ ನಡೆಯುವ ಸಂವಾದಗಳನ್ನು ದಾಖಲಿಸಿ ನೋಡೋಣವೆಂದು ಅವರು ಸೂಚಿಸಿದಾಗ, ಅದು ಜನರ ಅಂತರಂಗದೊಳಗೆ ಇಣುಕುವುದಾಗುತ್ತದೆಂಬ ಆಕ್ಷೇಪ ಬಂದಿತು. ಇದು ನಗುವ ವಿಷಯವಲ್ಲ. ಹೇಳಿಕೊಳ್ಳಲು ಯಾರಾದರೂ ಬೇಕೆಂಬ ಹಸಿವು ಮನುಷ್ಯನಲ್ಲಿ ಎಷ್ಟು ತೀವ್ರವಾಗಿದೆಯೆಂದರೆ, ಕೇಳುವ ಕಿವಿಯಿಲ್ಲವೆಂದು ತಿಳಿದಿದ್ದರೂ ಕೇಳುವ ಭಂಗಿಯೊಂದಿದ್ದರೆ ಅವನಿಗೆ ಸಾಕಾಗುತ್ತದೆ.

ವೈಜೆನ್‌ಬೌಮ್‌ರನ್ನು ಇನ್ನೂ ಹೆಚ್ಚು ನೋಯಿಸಿದ್ದು ವಿದ್ವಾಂಸರ ವರ್ತನೆ. ಮನೋವೈದ್ಯ ಕೆನೆತ್ ಕೋಲ್ಬಿ ಮತ್ತು ಅವರ ಸಂಗಡಿಗರು, ಚಿಕಿತ್ಸಕರ ಕೊರತೆಯಿರುವ ಆಸ್ಪತ್ರೆಗಳಲ್ಲಿ ಇಂತಹ ಯಂತ್ರವೊಂದು ಗಂಟೆಗೆ ನೂರಾರು ರೋಗಿಗಳನ್ನು ನೋಡಿಕೊಳ್ಳಬಹುದೆಂದು ಅದೇ 1966ರಲ್ಲಿ ಬರೆದರು. ಖಗೋಳಜ್ಞ ಕಾರ್ಲ್ ಸಗಾನ್‌ರು, ಬೀದಿಯ ದೂರವಾಣಿ ಗೂಡುಗಳಂತೆ ಮನೋಚಿಕಿತ್ಸೆಯ ಗಣಕಗೂಡುಗಳು ಬರಬಹುದೆಂದು 1975ರಲ್ಲಿ ಊಹಿಸಿದರು. ಈ ಸಲಹೆಗಳ ಹಿಂದೆ ಕರುಣೆಯಿಲ್ಲದೆ ಇರಲಿಲ್ಲ. ವೈದ್ಯರೇ ಇಲ್ಲದ ಕಡೆ ಯಂತ್ರವಾದರೂ ಇರಲಿ ಎಂಬ ಮಾತನ್ನು ಸುಲಭವಾಗಿ ತಳ್ಳಿಹಾಕುವಂತೆಯೂ ಇಲ್ಲ. ಆದರೆ ಇನ್ನೊಬ್ಬರ ದುಃಖವನ್ನು ಅರಿಯದೆ ಅದನ್ನು ಗುಣಪಡಿಸುವುದೆಂದರೇನು ಎಂದು ವೈಜೆನ್‌ಬೌಮ್‌ರು ಕೇಳಿದರು. ಆ ಪ್ರಶ್ನೆ ಬೆಳೆದು 1976ರಲ್ಲಿ ಗಣಕದ ಶಕ್ತಿ ಮತ್ತು ಮಾನವನ ವಿವೇಕವನ್ನು ಕುರಿತ ಒಂದು ಗ್ರಂಥವಾಯಿತು.

ಆ ಗ್ರಂಥದ ತಿರುಳು, ನಿರ್ಣಯ ಮತ್ತು ಆಯ್ಕೆ ಎಂಬ ಎರಡರ ನಡುವೆ ಅವರು ಎಳೆದ ಗೆರೆಯಲ್ಲಿದೆ. ನಿರ್ಣಯವು ಲೆಕ್ಕದಿಂದ ಬರುವಂಥದು. ಅದನ್ನು ನಿಯಮಗಳಾಗಿ ಬರೆದು ಯಂತ್ರಕ್ಕೆ ಕೊಡಬಹುದು. ಆಯ್ಕೆಯಾದರೋ ಬಾಳಿನ ಅನುಭವ, ಕರುಣೆ, ಲಜ್ಜೆ, ಹೊಣೆ ಇವುಗಳಿಂದ ಹುಟ್ಟುವಂಥದು. ಯಂತ್ರವು ಏನನ್ನು ಮಾಡಬಲ್ಲುದು ಎಂಬ ಪ್ರಶ್ನೆಯೇ ಅವರಿಗೆ ಮುಖ್ಯವಾಗಿರಲಿಲ್ಲ. ಮಾಡಬಲ್ಲುದಾದರೂ ಅದರಿಂದ ಮಾಡಿಸಬಾರದ ಕೆಲಸಗಳಿವೆ ಎಂಬುದು ಅವರ ವಾದ. ನ್ಯಾಯಾಧೀಶರು ಬಲ್ಲ ಯಾವ ಸಂಗತಿಯನ್ನು ಯಂತ್ರಕ್ಕೆ ಹೇಳಿಕೊಡಲಾಗದು ಎಂದು ಮೆಕಾರ್ಥಿಯವರು ಒಮ್ಮೆ ಚರ್ಚೆಯಲ್ಲಿ ಕೇಳಿದ್ದರಂತೆ. ಅಂತಹುದೇನೂ ಇಲ್ಲ ಎಂಬುದು ಅವರ ಉತ್ತರವಾಗಿತ್ತು. ಈ ಪ್ರಸಂಗವನ್ನು ವೈಜೆನ್‌ಬೌಮ್‌ರು ಗ್ರಂಥದಲ್ಲಿ ಎತ್ತಿ ಖಂಡಿಸಿದರು. ಮೆಕಾರ್ಥಿಯವರೂ ಸುಮ್ಮನಿರಲಿಲ್ಲ, ಗ್ರಂಥವು ವಿವೇಚನೆಯಿಲ್ಲದ್ದೆಂದು ಶೀರ್ಷಿಕೆಯಲ್ಲಿಯೇ ಸಾರುವ ವಿಮರ್ಶೆಯನ್ನು ಬರೆದು, ಲೇಖಕರು ನೀತಿಬೋಧೆಯ ಆವೇಶದಲ್ಲಿ ಅಸ್ಪಷ್ಟವಾಗಿ ಮಾತನಾಡುತ್ತಾರೆಂದರು. ಗ್ರಂಥದ ಕೆಲವು ಭಾಗಗಳ ಮಟ್ಟಿಗೆ ಈ ಟೀಕೆ ನ್ಯಾಯವೇ ಆಗಿದೆ. ಆದರೆ ಇನ್ನೊಂದು ಮಾತನ್ನು ಕಾಲವು ಸಮರ್ಥಿಸಿತು. ದೊಡ್ಡ ಗಣಕವ್ಯವಸ್ಥೆಗಳು ಅನೇಕರ ಕೈಯಿಂದ ಬೆಳೆಯುತ್ತ ಕೊನೆಗೆ ಯಾರೊಬ್ಬರಿಗೂ ಪೂರ್ತಿ ಅರ್ಥವಾಗದ ಸ್ಥಿತಿಯನ್ನು ತಲುಪುತ್ತವೆ. ಆಗ ಅವುಗಳಿಂದಾದ ಅನ್ಯಾಯಕ್ಕೆ ಹೊಣೆಗಾರರೇ ಇಲ್ಲವಾಗುತ್ತಾರೆ ಎಂದು ಅವರು ಎಚ್ಚರಿಸಿದ್ದರು.

ಎಲೈಝಾ ನಡೆದದ್ದು ಮನುಷ್ಯನು ಬರೆದಿಟ್ಟ ನಿಯಮಗಳಿಂದ. ಇಂದಿನ ಯಂತ್ರಗಳು ಹಿಡಿದಿರುವುದು ಇನ್ನೊಂದು ಹಾದಿ. ಮಗುವಿಗೆ ಹಸುವನ್ನು ತೋರಿಸುವಾಗ ಯಾರೂ ಹಸುವಿನ ಲಕ್ಷಣವನ್ನು ವಿವರಿಸುವುದಿಲ್ಲ. ಹತ್ತು ಹಸುಗಳನ್ನು ಕಂಡ ಮಗು ಹನ್ನೊಂದನೆಯದನ್ನು ತಾನೇ ಗುರುತಿಸುತ್ತದೆ. ಯಂತ್ರಕ್ಕೂ ಉದಾಹರಣೆಗಳಿಂದಲೇ ಕಲಿಸಬಹುದೆಂಬ ವಿಚಾರ ಹಳೆಯದು. 1958ರಲ್ಲಿ ಫ್ರಾಂಕ್ ರೋಸೆನ್‌ಬ್ಲಾಟ್‌ರು ನರಕೋಶಗಳ ಜಾಲವನ್ನು ಸ್ಥೂಲವಾಗಿ ಅನುಕರಿಸುವ ವ್ಯವಸ್ಥೆಯೊಂದನ್ನು ಪ್ರಕಟಿಸಿದರು. ಇಂತಹ ಜಾಲಕ್ಕೆ ಒಂದು ಚಿತ್ರವನ್ನು ಕೊಟ್ಟು ಉತ್ತರ ಕೇಳುತ್ತಾರೆ. ಉತ್ತರ ತಪ್ಪಿದರೆ ಜಾಲದೊಳಗಿನ ಅಸಂಖ್ಯ ಅಂಕಿಗಳನ್ನು, ತಂಬೂರಿಯ ಬಿರಡೆಗಳನ್ನು ತಿರುವಿದಂತೆ, ಸ್ವಲ್ಪ ಸ್ವಲ್ಪವೇ ಸರಿಪಡಿಸಲಾಗುತ್ತದೆ. ಲಕ್ಷಾಂತರ ಉದಾಹರಣೆಗಳ ಬಳಿಕ ಶ್ರುತಿ ಕೂಡುತ್ತದೆ. 1990ರ ದಶಕದಲ್ಲಿ ಅಮೆರಿಕೆಯ ಬ್ಯಾಂಕುಗಳಲ್ಲಿ ಚೆಕ್ಕಿನ ಮೇಲೆ ಕೈಯಲ್ಲಿ ಬರೆದ ಮೊತ್ತವನ್ನು ಓದಲು ಇಂತಹ ಜಾಲಗಳು ಬಳಕೆಗೆ ಬಂದವು. ಅಂದರೆ, ವೈಜೆನ್‌ಬೌಮ್‌ರ ಕಾಲದಲ್ಲಿ ಯಂತ್ರಕ್ಕಾಗಿ ಮನುಷ್ಯನು ತನ್ನ ಅಂಕಿಗಳ ಆಕಾರವನ್ನು ಬದಲಿಸಿಕೊಂಡಿದ್ದರೆ, ಈಗ ಮನುಷ್ಯನ ವಕ್ರಾಕ್ಷರಕ್ಕೆ ಯಂತ್ರವೇ ಒಗ್ಗಿಕೊಂಡಿತು. 2012ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದವರ ಜಾಲವೊಂದು ಚಿತ್ರಗಳನ್ನು ಗುರುತಿಸುವ ಸ್ಪರ್ಧೆಯಲ್ಲಿ ಉಳಿದವರನ್ನು ಬಹುದೂರ ಹಿಂದೆ ಹಾಕಿದ ಮೇಲೆ ಈ ಹಾದಿಯೇ ರಾಜಮಾರ್ಗವಾಯಿತು. ಇದರಲ್ಲಿ ಒಂದು ತೊಡಕುಂಟು. ನಿಯಮಗಳನ್ನು ಓದಿ ಯಂತ್ರದ ಉತ್ತರದ ಕಾರಣವನ್ನು ತಿಳಿಯಬಹುದಿತ್ತು. ಕೋಟ್ಯಂತರ ಅಂಕಿಗಳನ್ನು ಓದಿದರೆ ಹಾಗೆ ತಿಳಿಯುವುದಿಲ್ಲ. ಉದಾಹರಣೆಗಳಲ್ಲಿ ಹಿಂದಿನವರ ಪಕ್ಷಪಾತವಿದ್ದರೆ ಯಂತ್ರವು ಅದನ್ನೂ ಶ್ರದ್ಧೆಯಿಂದ ಕಲಿಯುತ್ತದೆ.

ಮಾತನಾಡುವ ಈಗಿನ ಯಂತ್ರಗಳಿಗೆ ಆಧಾರವಾದ ರಚನೆಯನ್ನು ಗೂಗಲ್ ಸಂಸ್ಥೆಯ ಸಂಶೋಧಕರು 2017ರಲ್ಲಿ ಪ್ರಕಟಿಸಿದರು; ಚಾಟ್‌ಜಿಪಿಟಿ ಎಂಬುದು 2022ರ ನವೆಂಬರ್ 30ರಂದು ಸಾರ್ವಜನಿಕರ ಕೈಗೆ ಬಂದಿತು. ಊಟ ಮಾಡಿ ಕೈ ಎಂದು ಹೇಳಿ ನಿಲ್ಲಿಸಿದರೆ ಕನ್ನಡಿಗರು ತೊಳೆದು ಎಂದು ಪೂರ್ತಿಮಾಡುತ್ತಾರೆ. ಮುಂದೆ ಯಾವ ಪದ ಬರಬಹುದೆಂಬ ಇಂತಹ ಅಂದಾಜನ್ನೇ ಅಪಾರವಾದ ಗ್ರಂಥರಾಶಿಯಿಂದ ಕಲಿತು, ಒಂದೊಂದೇ ತುಣುಕನ್ನು ಜೋಡಿಸುತ್ತ ಈ ಯಂತ್ರಗಳು ಮಾತನ್ನು ಕಟ್ಟುತ್ತವೆ. ಬಳಿಕ ಮನುಷ್ಯರು ಉತ್ತರಗಳನ್ನು ತೂಗಿ ನೋಡಿ ಮೆಚ್ಚಿದ್ದನ್ನು ತಿಳಿಸುವುದರಿಂದ ಅವು ತಿದ್ದಿಕೊಳ್ಳುತ್ತವೆ. ಎಲೈಝಾಳಿಗೂ ಇವಕ್ಕೂ ಸಾಮರ್ಥ್ಯದಲ್ಲಿ ಅಜಗಜಾಂತರವಿದೆ. ಲೆಕ್ಕ ಬಿಡಿಸುತ್ತವೆ, ಅನುವಾದಿಸುತ್ತವೆ, ಕಾಯಿಲೆಯ ಲಕ್ಷಣಗಳನ್ನು ಹೊಂದಿಸಿ ಹೇಳುತ್ತವೆ. ಆದರೂ ಸತ್ಯವಾದುದನ್ನೂ ಸತ್ಯದಂತೆ ತೋರುವುದನ್ನೂ ಅವು ಒಂದೇ ಧ್ವನಿಯಲ್ಲಿ ನುಡಿಯುತ್ತವೆ. 2023ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯವೊಂದರಲ್ಲಿ ವಕೀಲರಿಬ್ಬರು ಯಂತ್ರವು ಕೊಟ್ಟ ಪೂರ್ವನಿದರ್ಶನಗಳನ್ನು ನಂಬಿ ಒಪ್ಪಿಸಿದರು. ಅಂತಹ ಮೊಕದ್ದಮೆಗಳೇ ಎಂದೂ ನಡೆದಿರಲಿಲ್ಲ. ಅವರಿಗೂ ಅವರ ಸಂಸ್ಥೆಗೂ ಸೇರಿ 5,000 ಡಾಲರ್ ದಂಡ ಬಿದ್ದಿತು.

ಇಲ್ಲಿ ಒಂದು ಪ್ರಾಸಂಗಿಕ ಮಾತು. ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಸ್ಥಾಪಕರಾದ ಪಿ. ಸಿ. ಮಹಾಲನೋಬಿಸ್‌ರು 1954ರಲ್ಲಿ ಸಂಖ್ಯಾಶಾಸ್ತ್ರದ ತಳಹದಿಯನ್ನು ಕುರಿತು ಬರೆಯುತ್ತ ಸ್ಯಾದ್ವಾದವನ್ನು ಚರ್ಚಿಸಿದ್ದರು, ಜೀವವಿಜ್ಞಾನಿ ಜೆ. ಬಿ. ಎಸ್. ಹಾಲ್ಡೇನ್‌ರೂ 1957ರಲ್ಲಿ ಸಪ್ತಭಂಗಿಯ ಮೇಲೆ ಲೇಖನ ಬರೆದರು. ಇದನ್ನು ಹಿಡಿದು ಪ್ರಾಚೀನ ಆಚಾರ್ಯರಿಗೆ ಗಣಕವಿದ್ಯೆ ತಿಳಿದಿತ್ತೆನ್ನುವುದು ಅವರಿಗೆ ಗೌರವ ತರುವ ಮಾತಲ್ಲ. 'ಸ್ಯಾತ್' ಎಂದರೆ ಬರಿಯ 'ಇರಬಹುದು' ಎಂಬುದೂ ಅಲ್ಲ. ಯಾವ ದೃಷ್ಟಿಯಿಂದ ನೋಡಿದಾಗ ಈ ಮಾತು ಸಲ್ಲುತ್ತದೆ ಎಂಬ ಮಿತಿಯನ್ನು ಹೇಳುವವನೇ ಒಪ್ಪಿಕೊಳ್ಳುವುದು. ಒಳಗೆಲ್ಲ ಸಂಭಾವ್ಯತೆಯ ಲೆಕ್ಕವನ್ನೇ ಮಾಡುವ ಯಂತ್ರವು ಹೊರಗೆ ನುಡಿಯುವಾಗ ಹಲವು ಸಲ ಆ ಮಿತಿಯನ್ನು ಬಿಟ್ಟುಬಿಡುತ್ತದೆ. ಕೇಳುವವನೇ ಅದನ್ನು ನೆನಪಿನಿಂದ ಸೇರಿಸಿಕೊಳ್ಳಬೇಕಾಗಿದೆ.

ವೈಜೆನ್‌ಬೌಮ್‌ರ ಭಯ ನಿಜವಾದದ್ದು ಅವರು ಊಹಿಸಿದ ಎರಡು ಎಡೆಗಳಲ್ಲಿಯೂ. 2023ರಲ್ಲಿ ಬೆಲ್ಜಿಯಂನಿಂದ ಒಂದು ದುಃಖದ ವಾರ್ತೆ ಬಂದಿತು. ಭೂಮಿಯ ತಾಪ ಏರುತ್ತಿರುವುದರ ಚಿಂತೆಯಿಂದ ಕುಗ್ಗಿದ್ದ ಗೃಹಸ್ಥನೊಬ್ಬನು ಸುಮಾರು ಆರು ವಾರಗಳ ಕಾಲ ಯಂತ್ರಸಂವಾದಿಯೊಂದರೊಡನೆ ಮನಸ್ಸನ್ನು ತೋಡಿಕೊಂಡು ಕೊನೆಗೆ ಪ್ರಾಣವನ್ನೇ ಕಳೆದುಕೊಂಡನು. ಆ ಸಂಭಾಷಣೆಗಳಿಲ್ಲದಿದ್ದರೆ ಗಂಡನು ಉಳಿಯುತ್ತಿದ್ದನೆಂದು ಆತನ ಪತ್ನಿಯು ನಂಬಿದರು. ಆ ಸಂವಾದಿಗೆ ಇಟ್ಟಿದ್ದ ಹೆಸರೂ ಎಲೈಝಾ.

ಇನ್ನೊಂದು ನೆದರ್ಲೆಂಡ್ಸ್ ದೇಶದ್ದು. ಅಲ್ಲಿ ದುಡಿಯುವ ತಂದೆತಾಯಿಗಳು ಮಕ್ಕಳನ್ನು ಶಿಶುವಿಹಾರದಲ್ಲಿ ಬಿಟ್ಟರೆ ವೆಚ್ಚದ ದೊಡ್ಡ ಪಾಲನ್ನು ಸರ್ಕಾರವು ಸಹಾಯಧನವಾಗಿ ಕೊಡುತ್ತದೆ. ವಂಚನೆಯನ್ನು ಪತ್ತೆಹಚ್ಚಲೆಂದು ತೆರಿಗೆ ಇಲಾಖೆಯು 2013ರಿಂದ ಉದಾಹರಣೆಗಳಿಂದ ಕಲಿಯುವ ಗಣಕವ್ಯವಸ್ಥೆಯೊಂದನ್ನು ಬಳಸಿತು. ಅದು ಪ್ರತಿ ಅರ್ಜಿಗೂ ಅಪಾಯದ ಅಂಕವನ್ನು ಕೊಡುತ್ತಿತ್ತು. ಅರ್ಜಿದಾರರು ಡಚ್ ಪ್ರಜೆಗಳು ಹೌದೋ ಅಲ್ಲವೋ ಎಂಬುದೂ ಆ ಅಂಕದಲ್ಲಿ ಸೇರಿತ್ತು. ಅಂಕ ಹೆಚ್ಚಿದ ಕಡತವು ಅಧಿಕಾರಿಯ ಮೇಜಿಗೆ ಬರುತ್ತಿತ್ತು. ಹೆಚ್ಚಿದ್ದೇಕೆಂಬ ಕಾರಣ ಮಾತ್ರ ಬರುತ್ತಿರಲಿಲ್ಲ. ಕಾನೂನೂ ಕಠೋರವಾಗಿತ್ತು. ಒಂದು ರುಜು ಬಿಟ್ಟುಹೋಗಿದ್ದರೂ, ಲೆಕ್ಕದಲ್ಲಿ ಅಲ್ಪ ವ್ಯತ್ಯಾಸವಿದ್ದರೂ ಇಡೀ ವರ್ಷದ ಸಹಾಯಧನವನ್ನು ಹಿಂದಿರುಗಿಸಬೇಕಾಗಿತ್ತು. ಹತ್ತಾರು ಸಾವಿರ ಯೂರೋಗಳನ್ನು ಕಟ್ಟಬೇಕೆಂಬ ನೋಟೀಸು ಕೈಸೇರಿದ ತಾಯಂದಿರು ತಮ್ಮ ತಪ್ಪೇನೆಂದು ಕೇಳಿದರೆ ಉತ್ತರ ದೊರೆಯಲಿಲ್ಲ. ಕಚೇರಿಯವನಿಗೂ ತಿಳಿದಿರಲಿಲ್ಲವೆಂಬುದೇ ಇಲ್ಲಿಯ ಘೋರ. ಇಪ್ಪತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳು ಈ ಸುಳಿಯಲ್ಲಿ ಸಿಲುಕಿದವು. ಮನೆಗಳನ್ನು ಕಳೆದುಕೊಂಡವರು, ಸಂಸಾರ ಒಡೆದವರು ಅನೇಕರು.

ಇದನ್ನೆಲ್ಲ ಯಂತ್ರದ ತಲೆಗೆ ಕಟ್ಟುವುದು ಸರಿಯಲ್ಲ. ಕಾನೂನನ್ನು ಮಾಡಿದವರು ಮನುಷ್ಯರು. ಅದನ್ನು ವರ್ಷಗಟ್ಟಲೆ ಎತ್ತಿಹಿಡಿದ ಆಡಳಿತ ನ್ಯಾಯಾಲಯದಲ್ಲಿ ಕುಳಿತವರೂ ಮನುಷ್ಯರೇ. ಯಂತ್ರವು ಮಾಡಿದ್ದು, ಪ್ರತಿಯೊಬ್ಬರಿಗೂ ತನ್ನ ಕೈಯಲ್ಲೇನಿದೆ ಎನ್ನುವ ಒಂದು ನೆಪವನ್ನು ಒದಗಿಸಿದ್ದು. ಸಂಸತ್ತಿನ ವಿಚಾರಣಾ ಸಮಿತಿಯು 2020ರ ಡಿಸೆಂಬರಿನಲ್ಲಿ ಇದನ್ನು ಹಿಂದೆಂದೂ ಕಾಣದ ಅನ್ಯಾಯವೆಂದು ಕರೆಯಿತು. 2021ರ ಜನವರಿ 15ರಂದು ಪ್ರಧಾನಿ ಮಾರ್ಕ್ ರುಟ್ಟೆಯವರ ಮಂತ್ರಿಮಂಡಲವೇ ರಾಜೀನಾಮೆಯನ್ನಿತ್ತಿತು.

ಇದಾವುದನ್ನೂ ವೈಜೆನ್‌ಬೌಮ್‌ರು ನೋಡಲಿಲ್ಲ. 1996ರಲ್ಲಿ ಅವರು ತಾವು ಹುಟ್ಟಿದ ಬರ್ಲಿನ್ ನಗರಕ್ಕೆ ಮರಳಿ, 2008ರ ಮಾರ್ಚ್ ತಿಂಗಳಲ್ಲಿ ತೀರಿಕೊಂಡರು. ಅವರಿಗೂ ಮೆಕಾರ್ಥಿಯವರಿಗೂ ನಡೆದ ನ್ಯಾಯಾಧೀಶರ ವಿಷಯದ ವಾದ ಈಗ ನಮ್ಮ ದೇಶದ ಅಂಗಳಕ್ಕೂ ಬಂದಿದೆ, ಆದರೆ ಸೌಮ್ಯವಾದ ರೂಪದಲ್ಲಿ. ಸರ್ವೋಚ್ಚ ನ್ಯಾಯಾಲಯವು ತನ್ನ ಆಂಗ್ಲ ತೀರ್ಪುಗಳನ್ನು ಕನ್ನಡವೂ ಸೇರಿದಂತೆ ದೇಶಭಾಷೆಗಳಿಗೆ ಅನುವಾದಿಸಲು 2019ರ ನವೆಂಬರಿನಲ್ಲಿ 'ಸುವಾಸ್' ಎಂಬ ಕ್ರಮವಿಧಿಯನ್ನು ಬಳಕೆಗೆ ತಂದಿತು. ಆಂಗ್ಲವನ್ನರಿಯದ ಕಕ್ಷಿದಾರನು ತನ್ನ ಮೊಕದ್ದಮೆಯ ತೀರ್ಪನ್ನು ತಾನೇ ಓದುವಂತಾಗುವುದು ಸಣ್ಣ ಉಪಕಾರವಲ್ಲ. ತೀರ್ಪು ಕೊಡುವ ಕೆಲಸವನ್ನು ಮಾತ್ರ ಯಂತ್ರಕ್ಕೆ ಒಪ್ಪಿಸಿಲ್ಲ. ಅನುವಾದವನ್ನೂ ಅದರ ಪಾಡಿಗೆ ಬಿಡುವಂತಿಲ್ಲ. ಮೇಲ್ಮನವಿಗೆ ಅನುಮತಿ ಕೊಡಲಾಗಿದೆ ಎಂಬ ಅರ್ಥದ ಆಂಗ್ಲ ಪದಗುಚ್ಛವನ್ನು ಯಂತ್ರವು ಹಿಂದಿಯಲ್ಲಿ ರಜೆ ದೊರೆಯಿತು ಎಂದು ಅನುವಾದಿಸಿದ್ದನ್ನು, 2022ರಿಂದ 2024ರವರೆಗೆ ಮುಖ್ಯ ನ್ಯಾಯಮೂರ್ತಿಗಳಾಗಿದ್ದ ಡಿ. ವೈ. ಚಂದ್ರಚೂಡ್‌ರೇ ಸಭೆಯಲ್ಲಿ ಹೇಳಿಕೊಂಡಿದ್ದರು. ಆದಕಾರಣ ಯಂತ್ರವು ಬರೆದದ್ದನ್ನು ಅನುವಾದಕರೊಬ್ಬರು ಕುಳಿತು ಮೂಲದೊಡನೆ ಹೋಲಿಸಿ ತಿದ್ದುತ್ತಾರೆ. ಪ್ರಕಟವಾಗುವ ಅನುವಾದದ ಜೊತೆಯಲ್ಲಿ, ಇದು ಕಕ್ಷಿದಾರರು ತಮ್ಮ ಭಾಷೆಯಲ್ಲಿ ತಿಳಿದುಕೊಳ್ಳುವುದಕ್ಕಾಗಿ ಮಾತ್ರ, ಅಧಿಕೃತವಾದದ್ದು ಆಂಗ್ಲ ಪಾಠವೇ, ಎಂಬ ಸೂಚನೆಯನ್ನೂ ಮುದ್ರಿಸುತ್ತಾರೆ.